ರಸ್ತೆಯ ಚರಂಡಿಯೂ ಕಪ್ಪೆಗಳ ಪ್ರಾಣವೂ

ನೀರು ಹರಿಯಲೆಂದು ಕಟ್ಟಿದ ಚರಂಡಿಯು ಮೂಕಜೀವಿಗಳಿಗೆ ಮೃತ್ಯುಕೂಪವಾಗಬೇಕೆ? ಬ್ರಿಟನ್ನಿನಲ್ಲಿ ವಸಂತಕಾಲದ ರಾತ್ರಿ ಕೊಳಗಳನ್ನರಸಿ ಹೊರಡುವ ನೆಲಗಪ್ಪೆಗಳು ರಸ್ತೆಯಂಚಿನ ಕಲ್ಲನ್ನೇರಲಾರದೆ, ಅದರ ಬದಿಯನ್ನೇ ಹಿಡಿದು ಸಾಗಿ, ಕಬ್ಬಿಣದ ಜಾಲರಿಯ ಸಂದಿನಿಂದ ಹೂಳುಗುಂಡಿಗೆ ಬೀಳುತ್ತವೆ; ನುಣುಪಾದ ಗೋಡೆಯನ್ನು ಹತ್ತಲಾರದೆ ಹಲವು ಅಲ್ಲಿಯೇ ಅಳಿಯುತ್ತವೆ. ಇದನ್ನರಿತು ಅಲ್ಲಿಯವರು ಕೆಲವೆಡೆ ಗುಂಡಿಗಳಲ್ಲಿ ಸಣ್ಣ ಏಣಿಗಳನ್ನಿರಿಸಿದ್ದಾರೆ. ಜಾಲರಿಯನ್ನು ಬಳಸಿಹೋಗಲು ಅಂಚುಗಲ್ಲಿನಲ್ಲಿ ಹಾದಿ ಬಿಟ್ಟಿದ್ದಾರೆ. ನೀರಿನ ಹರಿವಿಗೆ ಇದರಿಂದ ಅಡ್ಡಿಯಿಲ್ಲ.

ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಅನೇಕ ಕಪ್ಪೆಜಾತಿಗಳು ನಮ್ಮ ಸಹ್ಯಾದ್ರಿಯಲ್ಲಿರುವುವು. ಮಳೆಗಾಲವೇ ಅವುಗಳ ಸಂಚಾರಕಾಲ. ಆದುದರಿಂದ ಮಲೆನಾಡಿನ ರಸ್ತೆಗಳಿಗೆ ಕಾಂಕ್ರೀಟು ಚರಂಡಿಗಳನ್ನು ಕಟ್ಟಿಸುವಾಗ, ಅಲ್ಲಲ್ಲಿ ಗೋಡೆಯನ್ನು ಒರಟಾದ ಇಳಿಜಾರಾಗಿಸಬೇಕೆಂದು ಲೋಕೋಪಯೋಗಿ ಇಲಾಖೆಯವರಲ್ಲಿ ನಮ್ಮ ಅರಿಕೆ. ಕಟ್ಟಿದುದನ್ನು ಒಡೆದು ತಿದ್ದುವುದಕ್ಕಿಂತ ನಕ್ಷೆಯಲ್ಲಿಯೇ ಒಂದು ಗೆರೆಯನ್ನು ಓರೆಯಾಗಿ ಎಳೆಯುವುದು ಸುಲಭವಲ್ಲವೆ?