ಎಷ್ಟು ಪಟ್ಟು ಎಂದು ಕೇಳುವವರಿಗೆ

ಅರಸೀಕೆರೆಯ ನನ್ನ ಹಳೆಯ ವಿದ್ಯಾರ್ಥಿಗಳು ಈಗ ತಮ್ಮ ಮಕ್ಕಳಿಗೆ ನಕ್ಷತ್ರ ತೋರಿಸಲು ದುರ್ಬೀನು ಕೊಳ್ಳುತ್ತಿದ್ದಾರೆ. ಸಂತೋಷ. ಆದರೆ ಎಲ್ಲರದೂ ಒಂದೇ ಪ್ರಶ್ನೆ: “ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಸರ್?” ಈ ಪ್ರಶ್ನೆಯೇ ತಪ್ಪು. ಮೆಕ್ಕೆಜೋಳ ಮಾರಿ ಬಂದ ಹಣ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಬಲಿಯಾಗುತ್ತಿರುವುದನ್ನು ಕಂಡು ಸುಮ್ಮನಿರಲಾರೆ.

ಹತ್ತು ಪಟ್ಟು ಮೀರಿತೆಂದರೆ ಕೈಯ ನಡುಕವೂ ಹಿಗ್ಗಿ, ನಕ್ಷತ್ರವು ಚುಕ್ಕಿಯಾಗಿ ನಿಲ್ಲದೆ ಗೀರಾಗಿ ಓಡಾಡುತ್ತದೆ. ಇರುಳಿನಲ್ಲಿ ಬೇಕಾದುದು ಬೆಳಕು. ಅದನ್ನು ತರುವುದು ಮುಂದಿನ ಮಸೂರದ ಅಗಲ. ಕತ್ತಲೆಯಲ್ಲಿ 7 ಮಿ.ಮೀ. ಅರಳುವ ಎಳೆಯ ಕಣ್ಣಿಗಿಂತ 50 ಮಿ.ಮೀ. ಮಸೂರವು ಸುಮಾರು 50 ಪಟ್ಟು ಬೆಳಕನ್ನು ಸಂಗ್ರಹಿಸುತ್ತದೆ. 10×50 ಎಂದಿದ್ದರೆ 50ನ್ನು 10ರಿಂದ ಭಾಗಿಸಿ: ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ 5 ಮಿ.ಮೀ. ಅದೇ 20×50ರಲ್ಲಿ ಎರಡೂವರೆ ಮಾತ್ರ. ಆಂಡ್ರೊಮೆಡಾ ಗೆಲಾಕ್ಸಿಯಂಥ ಮಸುಕು ಬೆಳಕು ಇನ್ನಷ್ಟು ಮಸುಕಾಗುತ್ತದೆ. (ಏಳನೆಯ ತರಗತಿಯ ಭಾಗಾಕಾರವಿದು, ಮರೆತಿದ್ದೀರಾ?)

“ಟೆಲಿಸ್ಕೋಪೇ ಲೇಸಲ್ಲವೇ?” ಎನ್ನುವವರುಂಟು. ಅದೇ ಬೆಲೆಯ ಆಟಿಕೆ ಟೆಲಿಸ್ಕೋಪು ಅಲುಗಾಡುವ ಮೂರು ಕಾಲಿನ ಮೇಲೆ ಚಂದ್ರನನ್ನೂ ಹಿಡಿಯಲಾರದು; ಮಗು ಎರಡೇ ದಿನದಲ್ಲಿ ಅಟ್ಟಕ್ಕೆ ಎಸೆಯುತ್ತದೆ. 7×50 ಅಥವಾ 10×50 ಕೊಳ್ಳಿ. ‘ಜೂಮ್’ ಎಂದಿದ್ದರೆ, ಮಸೂರ ಕೆಂಪಗೆ ಹೊಳೆದರೆ, ದೂರದ ಕಂಬ ಎರಡಾಗಿ ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಮಾಳಿಗೆಯ ಗೋಡೆಗೆ ಮೊಣಕೈ ಊರಿ ಮೊದಲು ಕೃತ್ತಿಕೆಯನ್ನು ನೋಡಿರಿ: ಬರಿಗಣ್ಣಿನ ಆರು ಚುಕ್ಕಿಗಳು ಹತ್ತಾರಾಗುತ್ತವೆ. ಗೆಲಿಲಿಯೋ 1610ರಲ್ಲಿ ಕಂಡ ಗುರುವಿನ ಚಂದ್ರರೂ ಕಾಣುತ್ತಾರೆ. ಸೂರ್ಯನತ್ತ ಮಾತ್ರ ಎಂದಿಗೂ ತಿರುಗಿಸಬೇಡಿ.