ಒಂದು ‘ಎಸ್’, ಒಂಬತ್ತು ಪ್ರತ್ಯಯ

ದೊಡ್ಡಬಳ್ಳಾಪುರದ ಒಂದು ಕಲ್ಯಾಣಮಂಟಪದಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದವರು ಕಂಪನಿಯೊಂದಕ್ಕೆ ಜನರನ್ನು ಆರಿಸುವವರು. ಮಾತಿನ ನಡುವೆ ಹೇಳಿದರು: “ಕನ್ನಡ ಮೀಡಿಯಂ ಹುಡುಗರನ್ನ ಒಂದೇ ವಾಕ್ಯದಲ್ಲಿ ಗುರುತು ಹಿಡೀತೀನಿ ಸಾರ್. ‘ಹಿ ಗೋ’ ಅಂತಾರೆ. ಕರ್ತೃವಿಗೆ ತಕ್ಕ ಹಾಗೆ ಕ್ರಿಯಾಪದ ಬದಲಾಗಬೇಕು ಅನ್ನೋದೇ ತಲೇಲಿಲ್ಲ.” ಮೊದಲ ಮಾತು ನಿಜವಿರಬಹುದು. ಎರಡನೆಯದು ಶುದ್ಧ ತಪ್ಪು. ಇಂಥ ತಪ್ಪು ತಿಳಿವಳಿಕೆಯನ್ನೇ ಹಿಡಿದು ನಾವು ಮಕ್ಕಳನ್ನು ತರಗತಿಯಲ್ಲಿ ಕುಗ್ಗಿಸುತ್ತಾ ಬಂದಿದ್ದೇವೆ.

‘ಹೋಗು’ ಎಂಬ ಒಂದು ಧಾತುವನ್ನು ತೆಗೆದುಕೊಳ್ಳಿ. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ, ಹೋಗುತ್ತದೆ, ಹೋಗುತ್ತವೆ. ವರ್ತಮಾನದಲ್ಲೇ 9 ರೂಪ. ಇಂಗ್ಲಿಷಿನಲ್ಲಿ ಇದೇ ಜಾಗದಲ್ಲಿ ಇರುವುದು ಎರಡು: ಗೋ, ಗೋಸ್. ಲಿಂಗ, ವಚನ, ಪುರುಷ ಮೂರನ್ನೂ ಕ್ರಿಯಾಪದದ ಬಾಲಕ್ಕೆ ಕಟ್ಟುವ ಈ ಕೆಲಸವನ್ನು ಕೇಶಿರಾಜ 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದ ಆಖ್ಯಾತ ಪ್ರಕರಣದಲ್ಲಿ ಸೂತ್ರಕ್ಕೆ ಇಳಿಸಿದ. ನಮ್ಮ ಮಗು ಶಾಲೆಯ ಹೊಸಿಲು ದಾಟುವ ಮೊದಲೇ ಅದನ್ನು ತಪ್ಪಿಲ್ಲದೆ ಮಾಡುತ್ತದೆ. ದೇವನಹಳ್ಳಿ, ಹೊಸಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಅಲ್ಲಿ ಹೆಂಗಸು ಬಂದರೂ ‘ವಚ್ಚಿಂದಿ’, ಹಸು ಬಂದರೂ ‘ವಚ್ಚಿಂದಿ’. ಅದೇ ಮಗು ಶಾಲೆಗೆ ಬಂದು ‘ಬಂದಳು’, ‘ಬಂತು’ ಎಂದು ಬೇರೆ ಮಾಡಿ ಹೇಳುತ್ತದೆ. ಹೊಂದಾಣಿಕೆಯ ಎರಡು ಲೆಕ್ಕಗಳನ್ನು ಒಟ್ಟೊಟ್ಟಿಗೆ ಇಟ್ಟುಕೊಂಡ ಆ ತಲೆಯಲ್ಲಿ ಏನೂ ಇಲ್ಲ ಎನ್ನುವವರು ಒಮ್ಮೆ ಅದರ ಮಾತನ್ನು ಕಿವಿಗೊಟ್ಟು ಕೇಳಬೇಕು.

ಹಾಗಾದರೆ ‘ಎಸ್’ ಯಾಕೆ ಜಾರುತ್ತದೆ? ಕನ್ನಡದ ಪ್ರತ್ಯಯ ದುಡಿಯುತ್ತದೆ. ‘ಬಂದಳು’ ಎಂದರೆ ಸಾಕು, ‘ಅವಳು’ ಬೇಕಿಲ್ಲ. ಇಂಗ್ಲಿಷಿನಲ್ಲಿ ‘ಶಿ’ ಬಿಡುವ ಹಾಗಿಲ್ಲ. ಯಾರು ಎಂಬುದನ್ನು ಅದು ಮೊದಲೇ ಹೇಳಿಬಿಟ್ಟಿರುತ್ತದೆ; ಹಿಂದೆ ಬರುವ ‘ಎಸ್’ ಹೊಸದೇನನ್ನೂ ತಿಳಿಸುವುದಿಲ್ಲ. ಒಂದು ಕಾಲದಲ್ಲಿ ಇಂಗ್ಲಿಷಿಗೂ ತುಂಬಾ ಪ್ರತ್ಯಯಗಳಿದ್ದವು. ಅವೆಲ್ಲ ಉದುರಿ ಉಳಿದದ್ದು ಇದೊಂದು. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಆಡುಮಾತು ಇದನ್ನೂ ಬಿಟ್ಟಿದೆ. ಅಲ್ಲಿನವರು ‘ಹಿ ಗೋ’ ಎನ್ನುವುದನ್ನು ಪೀಟರ್ ಟ್ರಡ್ಗಿಲ್ 1974ರಲ್ಲಿ ನಾರಿಚ್ ನಗರದ ಮಾತಿನ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಅಮೆರಿಕದ ರೋಜರ್ ಬ್ರೌನ್ ಇಂಗ್ಲಿಷ್ ಮನೆಮಾತಿನ ಮೂರು ಮಕ್ಕಳು ಮಾತು ಕಲಿಯುವುದನ್ನು ಹಿಂಬಾಲಿಸಿ 1973ರಲ್ಲಿ ಪುಸ್ತಕ ಬರೆದರು. ಅವರು ಗಮನಿಸಿದ 14 ವ್ಯಾಕರಣ ರೂಪಗಳಲ್ಲಿ ಈ ‘ಎಸ್’ ತಡವಾಗಿ ನೆಲೆನಿಂತವುಗಳ ಸಾಲಿನಲ್ಲಿದೆ. ತಾಯ ಮಡಿಲಲ್ಲೇ ಇಂಗ್ಲಿಷ್ ಕೇಳಿದ ಕೂಸಿಗೆ ತಡವಾಗಿ ಬರುವುದು ನಮ್ಮ ಮಕ್ಕಳಿಗೆ ಐದನೇ ತರಗತಿಯ ಕಿರುಪರೀಕ್ಷೆಯ ಹೊತ್ತಿಗೆ ಬಂದಿರಬೇಕು ಎನ್ನುತ್ತೇವೆ.

ಇನ್ನು ಕೆಲವು ತಪ್ಪುಗಳಂತೂ ಬಲ್ಲವರೇ ಮಾಡುವ ತಪ್ಪುಗಳು. ಪುಷ್ಯ ಮಾಸದ ತೇರಿನ ಹೊತ್ತಿಗೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ನಿಲ್ಲಿ. ಬಯಲು ತುಂಬ ಎತ್ತುಗಳು. “ಈ ಸಲ ದನ ಚೆನ್ನಾಗಿ ಸೇರೈತೆ” ಎನ್ನುತ್ತಾರೆ ರೈತರು. “ನಮ್ಮೂರಿಂದ ಐದು ಜೊತೆ ಬಂದೈತೆ.” ಎಷ್ಟೇ ದನವಿದ್ದರೂ ಕ್ರಿಯಾಪದ ಏಕವಚನದ್ದೇ. ಆ ಬಯಲಿನಲ್ಲಿ ಅಪ್ಪನ ಜೊತೆ ರಾತ್ರಿ ಕಳೆದ ಹುಡುಗ ಪರೀಕ್ಷೆಯಲ್ಲಿ ‘ದ ಕ್ಯಾಟಲ್ ಈಸ್ ಗ್ರೇಜಿಂಗ್’ ಎಂದು ಬರೆಯುತ್ತಾನೆ. ಕೆಂಪು ಗೆರೆ ಬೀಳುತ್ತದೆ. ‘ಆರ್’ ಬರಬೇಕು, ಸರಿ. ಆದರೆ ದನ ಎಂಬ ಪದ ಗುಂಪನ್ನು ಒಂದಾಗಿ ಹಿಡಿಯುತ್ತದೆ, ಕ್ಯಾಟಲ್ ಎಂಬುದು ಬಿಡಿಬಿಡಿಯಾಗಿ ಎಣಿಸುತ್ತದೆ ಎಂದು ಅವನಿಗೆ ಯಾರು ಹೇಳಿದರು?

ಇದೇ ಹುಡುಗ ‘ಅವರ್ ಹೆಡ್‌ಮಾಸ್ಟರ್ ಆರ್ ಕಮಿಂಗ್’ ಎಂದೂ ಬರೆದಾನು. “ಮೇಷ್ಟ್ರು ಬಂದವ್ರೆ” ಎಂದು ಹೇಳಿಕೊಟ್ಟ ಮನೆಯವನು. ಒಬ್ಬರೇ ಆದರೂ ಹಿರಿಯರಿಗೆ ಬಹುವಚನ ಸಲ್ಲಬೇಕು. ಇಂಗ್ಲಿಷಿನಲ್ಲೂ ಈ ಮರ್ಯಾದೆ ಒಂದು ಕಾಲಕ್ಕೆ ನಡೆಯುತ್ತಿತ್ತು. ಒಬ್ಬರ ಎದುರು ನಿಂತು ‘ಯೂ ಆರ್’ ಎನ್ನುತ್ತೇವಲ್ಲ, ಅದು ಯಾಕೆ ‘ಈಸ್’ ಅಲ್ಲ? ಹಿಂದೆ ಅವರಲ್ಲಿ ‘ದೌ’ ಎಂದರೆ ನೀನು, ‘ಯೂ’ ನೀವು. ಮರ್ಯಾದೆಯ ನೀವು ಬಳಸಿ ಬಳಸಿ ನೀನು ಅಳಿದುಹೋಯಿತು. ಬಹುವಚನದ ‘ಆರ್’ ಮಾತ್ರ ಅಲ್ಲೇ ಉಳಿಯಿತು. ‘ನೀನು ಇದ್ದೀಯ, ನೀವು ಇದ್ದೀರಿ’ ಎಂದು ದಿನಾ ಆಡುವ ಮಗುವಿಗೆ ಇದನ್ನು ವಿವರಿಸಲು ಎರಡು ನಿಮಿಷ ಸಾಕು.

ನನಗೆ ಗೌರವವಿರುವ ಒಂದು ಆಕ್ಷೇಪವಿದೆ. ಮೂವತ್ತು ವರ್ಷ ಪಾಠ ಮಾಡಿದ ಮೇಡಂ ಒಬ್ಬರು ನನಗೆ ಹೇಳಿದ್ದು: “ನಿಮ್ಮ ವಿವರಣೆ ಚೆನ್ನಾಗಿದೆ. ಆದರೆ ನಮ್ಮ ಹುಡುಗಿ ಏರ್‌ಪೋರ್ಟಿನಲ್ಲಿ ಇಂಟರ್‌ವ್ಯೂಗೆ ಕೂತಾಗ ಎದುರಿನವರು ನಾರ್ಫೋಕಿನ ಕಥೆ ಕೇಳೋದಿಲ್ಲ. ಉಳ್ಳವರ ಮಕ್ಕಳು ‘ಎಸ್’ ಬಿಟ್ಟರೆ ಬಾಯಿ ತಪ್ಪಿತು ಅಂತಾರೆ, ಇವಳು ಬಿಟ್ಟರೆ ಓದು ಸಾಲದು ಅಂತಾರೆ.” ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲ ಹಳ್ಳಿಗಳ ಮಕ್ಕಳಿಗೆ ಇಂಗ್ಲಿಷ್ ಮನೆಯ ಮುಂದಿನ ರಸ್ತೆಯಷ್ಟೇ ಹತ್ತಿರದ್ದು. ಆ ‘ಎಸ್’ ಅವರಿಗೆ ಸಿಗಲೇಬೇಕು. ಮೊಬೈಲು ತಾನೇ ತಿದ್ದಿಕೊಡುತ್ತದೆ ಎನ್ನುವವರು ಇಂಟರ್‌ವ್ಯೂ ಕೋಣೆಯ ಒಳಗೆ ಕಾಲಿಟ್ಟವರಲ್ಲ.

ನನ್ನ ತಕರಾರು ಕಲಿಸುವ ದಾರಿಯ ಬಗ್ಗೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಆದರೂ ಎಷ್ಟೋ ಕಡೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡದ ಬಾಯಿ ಮುಚ್ಚಿಸುವುದೇ ಶಿಸ್ತು. ಕೈಯಲ್ಲಿರುವ ದೀಪ ಆರಿಸಿ ಕತ್ತಲಲ್ಲಿ ಹುಡುಕು ಎಂದ ಹಾಗಾಯಿತು. ದೊಡ್ಡಬಳ್ಳಾಪುರದ ಬೀದಿಯ ವಾಕ್ಯವನ್ನೇ ನೋಡಿ: ‘ಮಗ್ಗಗಳ ಸದ್ದು ಕೇಳುತ್ತದೆ.’ ಮುಖ್ಯಪದ ಸದ್ದು, ಅದು ಕ್ರಿಯಾಪದದ ಮಗ್ಗುಲಲ್ಲೇ ಇದೆ, ತಪ್ಪುವ ಭಯವಿಲ್ಲ. ಇಂಗ್ಲಿಷಿನಲ್ಲಿ ‘ದ ಸೌಂಡ್ ಆಫ್ ದ ಲೂಮ್ಸ್’. ಕ್ರಿಯಾಪದದ ಪಕ್ಕಕ್ಕೆ ಬಂದು ಕೂರುವುದು ಮಗ್ಗಗಳು, ಆಗ ಬಾಯಿಗೆ ‘ಆರ್’ ಬರುತ್ತದೆ. ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿಸಿ ಯಾವುದು ಕೇಳುತ್ತದೆ ಎಂದು ಕೇಳಿದರೆ ಮಗು ಸದ್ದು ಎನ್ನುತ್ತದೆ, ‘ಈಸ್’ ತಾನಾಗಿ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಂಪು ಗೆರೆ ಬೀಳಿಸಿಕೊಳ್ಳುವುದು ‘ಶಿ ಡಸಂಟ್ ಗೋಸ್.’ ಎಸ್ ಬಿಟ್ಟು ಬೈಸಿಕೊಂಡ ಮಗು ಹೆದರಿಕೆಯಲ್ಲಿ ಎರಡು ಕಡೆ ಹಾಕುತ್ತದೆ. ಹಲಗೆಯ ಮೇಲೆ ‘ಹೋಗುತ್ತಾಳೆ, ಹೋಗುವುದಿಲ್ಲ’ ಎಂದು ಬರೆದು, ಕೆಳಗೆ ‘ಗೋಸ್, ಡಸಂಟ್ ಗೋ’ ಎಂದು ಬರೆಯಿರಿ. ಮೇಲಿನ ಸಾಲಿನಲ್ಲಿ ‘ಆಳೆ’ ಎಲ್ಲಿ ಹೋಯಿತು ಎಂದು ಕೇಳಿ. ಇಲ್ಲ ಎಂದ ಕೂಡಲೆ ಬಿಟ್ಟುಹೋಯಿತು ಎಂದು ಮಕ್ಕಳೇ ಹೇಳುತ್ತಾರೆ. ಕೆಳಗಿನ ಸಾಲಿನ ‘ಎಸ್’ ಎಲ್ಲಿ ಹೋಯಿತು ಎಂದು ಆಮೇಲೆ ಕೇಳಿ. ‘ಡಸ್’ ಒಳಗೆ ಅದನ್ನು ಹುಡುಕಿ ಬೆರಳಿಟ್ಟು ತೋರಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.