ಮನೆಯ ಮೌಲ್ಯಮಾಪನ: ವಿಳಂಬ ಹುಟ್ಟುವುದೆಲ್ಲಿ?

ಕೊಟ್ಟೂರು, ಹರಪನಹಳ್ಳಿ ಮಾರುಕಟ್ಟೆಗಳಿಗೆ ಮೆಕ್ಕೆಜೋಳದ ಆವಕ ಆರಂಭವಾಗುವ ಹೊತ್ತಿಗೆ ಕೈಯಲ್ಲಿ ಹಣವಿಲ್ಲದ ವರ್ತಕನಿಗೆ ಆ ವರ್ಷದ ವ್ಯಾಪಾರವೇ ಇಲ್ಲವೆನ್ನಬೇಕು. ವಾಸದ ಮನೆಯನ್ನು ಆಧಾರವಾಗಿಟ್ಟು ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ಪಡೆಯಲು ಅರ್ಜಿ ಸಲ್ಲಿಸಿದವರಲ್ಲಿ ಅನೇಕರು ಸುಗ್ಗಿ ಮುಗಿಯುವವರೆಗೂ ಮಂಜೂರಾತಿ ಪತ್ರವನ್ನು ಕಾಣುವುದಿಲ್ಲ. ವಿಚಾರಿಸಿದರೆ ‘ಮೌಲ್ಯಮಾಪನ ವರದಿ ಬಂದಿಲ್ಲ’ ಎಂಬ ಉತ್ತರ ದೊರೆಯುತ್ತದೆ. ಈ ನಡುವೆ ಹತ್ತು ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಖಾಸಗಿಯಾಗಿ ತಂದವರು ತಿಂಗಳಿಗೆ 20,000 ರೂ. ಬಡ್ಡಿ ತೆರಬೇಕು. ವಾರ್ಷಿಕ ಶೇ. 11ರ ಬ್ಯಾಂಕ್ ದರದಲ್ಲಿ ಇದು ಸುಮಾರು 9,170 ರೂ. ಮಾತ್ರ. ಮೂರು ತಿಂಗಳ ವಿಳಂಬಕ್ಕೆ ತೆತ್ತ ದಂಡ 32,500 ರೂಪಾಯಿ.

ದೂರು ಸಾಮಾನ್ಯವಾಗಿ ಮೌಲ್ಯಮಾಪಕ ಎಂಜಿನಿಯರರ ಮೇಲೆ ಬೀಳುತ್ತದೆ. ಹೊಸಪೇಟೆಯಿಂದಲೋ ಬಳ್ಳಾರಿ, ದಾವಣಗೆರೆಗಳಿಂದಲೋ ಬರಬೇಕಾದ ಅವರು ನಾಲ್ಕಾರು ಕೆಲಸ ಕೂಡಿದಾಗ ಒಮ್ಮೆ ಬಂದು ಹೋಗುವುದು ನಿಜ. ಆದರೆ ಸಾಧಾರಣ ಮನೆಯೊಂದನ್ನು ಅಳೆಯಲು ಬೇಕಾಗುವುದು ಒಂದೆರಡು ಗಂಟೆ. ಉಳಿದ ದಿನಗಳೆಲ್ಲ ಕಣ್ಣೆದುರಿಗಿರುವ ಮನೆಯೂ ಪತ್ರದಲ್ಲಿರುವ ಮನೆಯೂ ಒಂದೇ ಎಂದು ಖಚಿತಪಡಿಸಿಕೊಳ್ಳುವುದರಲ್ಲಿ ಕಳೆಯುತ್ತವೆ. ಬೆಲೆ ಕಟ್ಟುವುದಕ್ಕಿಂತ ಗುರುತು ಹಿಡಿಯುವುದೇ ಈ ಭಾಗದಲ್ಲಿ ಕಠಿಣವಾಗಿದೆ.

ಇದಕ್ಕೆ ಚಾರಿತ್ರಿಕ ಕಾರಣಗಳೂ ಇವೆ. 1953ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ಈ ಸೀಮೆಯ ಹಳೆಯ ಕ್ರಯಪತ್ರಗಳನ್ನು ತೆರೆದರೆ, ‘ಐದು ಅಂಕಣದ ಮಾಳಿಗೆ ಮನೆ’ ಎಂಬಂಥ ವಿವರಣೆ ಸಿಗುತ್ತದೆಯೇ ಹೊರತು ಅಡಿ, ಅಂಗುಲಗಳ ಲೆಕ್ಕ ಸಿಗುವುದು ಅಪರೂಪ. ಚೆಕ್ಕುಬಂದಿಯಲ್ಲಿ ಹೆಸರಿಸಲಾದ ನೆರೆಯವರು ತೀರಿಕೊಂಡು ಎರಡು ತಲೆಮಾರು ಕಳೆದಿರುತ್ತದೆ. ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ನಾರಾಯಣದೇವರಕೆರೆಯವರು ನೆಲೆಸಿದ ಮರಿಯಮ್ಮನಹಳ್ಳಿಯಂಥ ಊರುಗಳಲ್ಲಿ ಪುನರ್ವಸತಿಯ ಹಕ್ಕುಪತ್ರವೇ ಮೂಲ ದಾಖಲೆಯಾಗಿದ್ದರೆ, ಅದನ್ನು ಇಂದಿನ ಖಾತಾ ಸಂಖ್ಯೆಯೊಂದಿಗೆ ಜೋಡಿಸಿ ತೋರಿಸಬೇಕಾಗುತ್ತದೆ. ಹರಪನಹಳ್ಳಿಯ ಸ್ಥಿತಿ ಇನ್ನೂ ವಿಚಿತ್ರವಾದುದು. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, ಎರಡು ದಶಕಗಳ ನಂತರ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಮನೆ ಇದ್ದಲ್ಲಿಯೇ ಇದೆ, ಜಿಲ್ಲೆ ಮಾತ್ರ ತಿರುಗಾಡಿ ಬಂದಿದೆ! ಕೊಟ್ಟೂರಿನ ಹಳೆಯ ಪತ್ರಗಳಲ್ಲಿಯೂ ಕೂಡ್ಲಿಗಿ ತಾಲ್ಲೂಕು ಎಂದೇ ಇರುತ್ತದೆ. ಸ್ಥಳೀಯರಿಗೆ ಇದು ತಮಾಷೆಯಾದರೂ, ದೂರದ ಸಾಲ ಮಂಜೂರಾತಿ ಕೇಂದ್ರದಲ್ಲಿ ಕುಳಿತ ಅಧಿಕಾರಿಗೆ ಒಂದು ಆಕ್ಷೇಪಣೆ.

ಆದುದರಿಂದ ಅರ್ಜಿ ಸಲ್ಲಿಸುವ ಮೊದಲೇ ಮಾಲೀಕರು ಪತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಓದುವುದು ಒಳಿತು. ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಇ-ಖಾತೆ, ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಇವುಗಳಲ್ಲಿನ ಅಳತೆ ಕ್ರಯಪತ್ರದ ಅಳತೆಗೆ ಹೊಂದುತ್ತದೆಯೇ? ಉದ್ದ ಅಗಲ ಅದಲುಬದಲಾಗಿದೆಯೇ? ಪೂರ್ವಕ್ಕಿದ್ದ ರಸ್ತೆ ಪಶ್ಚಿಮಕ್ಕೆ ಹೋಗಿದೆಯೇ? ಇಂಥ ತಪ್ಪನ್ನು ಮೌಲ್ಯಮಾಪಕರು ಬಂದ ಮೇಲೆ ಕಂಡುಕೊಂಡರೆ ತಿದ್ದುಪಡಿಗೆ ಅಲೆದು ಮತ್ತೆ ಅವರನ್ನು ಕರೆಸಬೇಕಾಗುತ್ತದೆ. ಖಾತೆ ಇನ್ನೂ ದಿವಂಗತ ತಂದೆಯವರ ಹೆಸರಿನಲ್ಲಿದ್ದು, ಅಣ್ಣತಮ್ಮಂದಿರು ಬಿಳಿ ಹಾಳೆಯ ಪಾಲುಪಟ್ಟಿಯನ್ನು ನೆಚ್ಚಿಕೊಂಡಿದ್ದರಂತೂ ಅದು ವಾರದಲ್ಲಿ ಬಗೆಹರಿಯುವ ಮಾತಲ್ಲ. ಅಕ್ಕತಂಗಿಯರ ಹಕ್ಕನ್ನೂ ಬ್ಯಾಂಕಿನ ವಕೀಲರು ಕೇಳಿಯೇ ಕೇಳುತ್ತಾರೆ.

ಪರಿಶೀಲನೆಯ ದಿನ ಗುಮಾಸ್ತರನ್ನು ಮುಂದೆ ಮಾಡಿ ಮಾಲೀಕರು ಅಂಗಡಿಗೆ ತೆರಳುವ ರೂಢಿಯಿದೆ. ಗಡಿ ತೋರಿಸಬಲ್ಲ ಮನೆಯ ಹಿರಿಯರೊಬ್ಬರು ಸ್ಥಳದಲ್ಲಿರುವುದು ಅಗತ್ಯ. ಹಿಂದಿನ ಗೋದಾಮು, ಮಹಡಿಯ ಬಾಡಿಗೆ ಕೋಣೆ, ಎಲ್ಲದರ ಬೀಗ ತೆರೆದಿರಬೇಕು. ಪರವಾನಗಿ ಪಡೆದ ನಕ್ಷೆಗಿಂತ ಹೆಚ್ಚು ಕಟ್ಟಿದ್ದರೆ ಅದನ್ನು ಮೊದಲೇ ಹೇಳಿಬಿಡುವುದು ಲೇಸು. ಆ ಭಾಗವನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯದೆ ಹೋಗಬಹುದು, ಆದರೆ ಮುಚ್ಚಿಟ್ಟದ್ದು ಅಳತೆಯಲ್ಲಿ ಹೊರಬಿದ್ದರೆ ಇಡೀ ಕಡತವೇ ಸಂಶಯಕ್ಕೆ ಗುರಿಯಾಗುತ್ತದೆ.

ಬೆಲೆಯ ವಿಷಯದಲ್ಲಿ ವರ್ತಕ ಸಮುದಾಯ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮೌಲ್ಯಮಾಪಕರು ಅದೇ ಬೀದಿಯ ಇತ್ತೀಚಿನ ನೋಂದಾಯಿತ ವ್ಯವಹಾರಗಳನ್ನು ಆಧಾರವಾಗಿ ನೋಡುತ್ತಾರೆ. ಮುದ್ರಾಂಕ ಶುಲ್ಕ ಉಳಿಸಲೆಂದು ಮಾರ್ಗಸೂಚಿ ದರಕ್ಕೇ ಬರೆಸಿದ ಪತ್ರಗಳು ಅಲ್ಲಿ ಸಾಕ್ಷಿ ನುಡಿಯುತ್ತವೆ. ಅಂದು ಕಡಿಮೆ ಬರೆಸಿದವರೇ ಇಂದು ‘ನನ್ನ ಮನೆ ಅರವತ್ತು ಲಕ್ಷ ಬಾಳುತ್ತದೆ’ ಎಂದು ವಾದಿಸಿದರೆ ನಂಬುವವರಾರು? ತೇಗದ ಕಂಬ, ಕೆತ್ತನೆಯ ಬಾಗಿಲುಗಳಿಗೆ ಮನೆತನದಲ್ಲಿ ಬೆಲೆಯುಂಟು. ತುರ್ತು ಮಾರಾಟದಲ್ಲಿ ಕೊಳ್ಳುವವನು ಅದನ್ನು ಕೊಡುವುದಿಲ್ಲ, ಸಣ್ಣ ಊರುಗಳಲ್ಲಂತೂ ಕೊಳ್ಳುವವರೇ ವಿರಳ. ಹೆಚ್ಚಿನ ಮೊತ್ತ ಬರೆಯುವಂತೆ ಒತ್ತಾಯ ಹೇರಿದರೆ ವರದಿ ಮೇಲಿನ ಕಛೇರಿಯಿಂದ ಮರುಪರಿಶೀಲನೆಗೆ ಹಿಂದಿರುಗುತ್ತದೆ. ತಮಗೆ ಪರಿಚಿತರಾದ ಎಂಜಿನಿಯರರಿಂದ ಮುಂಚಿತವಾಗಿ ವರದಿ ಮಾಡಿಸಿಟ್ಟರೂ ಪ್ರಯೋಜನವಿಲ್ಲ. ಬ್ಯಾಂಕು ತನ್ನ ಪಟ್ಟಿಯಲ್ಲಿರುವವರ ವರದಿಯನ್ನು ಮಾತ್ರ ಸ್ವೀಕರಿಸುತ್ತದೆ.

ಬ್ಯಾಂಕುಗಳ ಹೊಣೆಯೂ ಇಲ್ಲಿ ಸಣ್ಣದಲ್ಲ. ವಕೀಲರ ಅಭಿಪ್ರಾಯ ಬಂದ ನಂತರವಷ್ಟೇ ಮೌಲ್ಯಮಾಪಕರಿಗೆ ಪತ್ರ ಬರೆಯುವ ಶಾಖೆಗಳಿವೆ. ಋಣಭಾರ ಪ್ರಮಾಣಪತ್ರದಲ್ಲಿ 2004ಕ್ಕಿಂತ ಹಿಂದಿನ ಅವಧಿಯನ್ನು ಉಪನೋಂದಣಾಧಿಕಾರಿಗಳ ಕಛೇರಿಯ ಹಳೆಯ ಪುಸ್ತಕಗಳಲ್ಲಿ ಹುಡುಕಿಸಬೇಕಾಗುವುದರಿಂದ ವಕೀಲರ ಕೆಲಸಕ್ಕೆ ಸಹಜವಾಗಿಯೇ ಕಾಲ ಹಿಡಿಯುತ್ತದೆ. ಸ್ವತ್ತಿನ ಗುರುತು ಸ್ಪಷ್ಟವಾಗಿರುವ ಕಡೆ ಎರಡೂ ಕೆಲಸಗಳು ಜೊತೆಜೊತೆಗೆ ನಡೆಯಲು ಅಡ್ಡಿಯೇನು? ಅರ್ಜಿದಾರರು ವ್ಯವಸ್ಥಾಪಕರನ್ನು ಹೀಗೆ ಲಿಖಿತವಾಗಿ ಕೋರುವುದರಲ್ಲಿ ತಪ್ಪಿಲ್ಲ. ಒಂದೇ ತಾಲ್ಲೂಕಿನ ಅರ್ಜಿಗಳನ್ನು ಕೂಡಿಸಿ, ತಿಂಗಳಲ್ಲಿ ಎರಡು ದಿನ ಮೌಲ್ಯಮಾಪಕರು ಬರುವಂತೆ ಗೊತ್ತುಪಡಿಸಲು ವರ್ತಕರ ಸಂಘಗಳೂ ಶಾಖೆಗಳೊಡನೆ ಮಾತುಕತೆ ನಡೆಸಬಹುದು.

ಇನ್ನು ಕಾಲದ ಆಯ್ಕೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಕಾರಣಿಕ ಕೇಳಿ ಮಳೆ ಬೆಳೆ ಧಾರಣೆಗಳನ್ನು ಅಂದಾಜಿಸುವ ವರ್ತಕರು, ಸಾಲದ ಕಡತಕ್ಕೆ ಕೈಹಾಕುವುದು ಮಾತ್ರ ದೀಪಾವಳಿಯ ಹೊಸ್ತಿಲಲ್ಲಿ. ಜಾತ್ರೆ ಮುಗಿದು ಅಂಗಡಿಯ ಕೆಲಸ ಹಗುರಾಗುವ ಬೇಸಿಗೆಯಲ್ಲಿ ಖಾತೆಯ ತಿದ್ದುಪಡಿ ಮುಗಿಸಿ, ಆಷಾಢದೊಳಗೆ ಅರ್ಜಿ ಸಲ್ಲಿಸಿದರೆ, ಮೌಲ್ಯಮಾಪಕರು ಎರಡು ಬಾರಿ ಬರಬೇಕಾದರೂ ಜೋಳದ ಮೊದಲ ಲಾರಿ ಮಾರುಕಟ್ಟೆಯ ಪ್ರಾಂಗಣಕ್ಕೆ ಬರುವಷ್ಟರಲ್ಲಿ ಹಣ ಖಾತೆಯಲ್ಲಿರುತ್ತದೆ.